ಕಪೋತದ ಗೂಡು: ಹಾರ್ಮೋನು ಮತ್ತು ವರ್ತನೆಯ ಪರಸ್ಪರ ಸಂಬಂಧ

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬುದು ನಮ್ಮಲ್ಲಿ ಪ್ರಸಿದ್ಧವಾದ ಗಾದೆ. ಹಕ್ಕಿಯು ಗೂಡು ಕಟ್ಟುವುದನ್ನೂ ಮೊಟ್ಟೆಗೆ ಕಾವು ಕೊಡುವುದನ್ನೂ ಕಂಡಾಗ ನಾವು ಇದೇ ಹುಟ್ಟುಗುಣದ ಹೆಸರು ಹೇಳಿ ಸುಮ್ಮನಾಗುತ್ತೇವೆ. ಆದರೆ ಹೆಸರಿಟ್ಟ ಮಾತ್ರಕ್ಕೆ ವಿವರಣೆ ದೊರೆತಂತಾಗುವುದಿಲ್ಲ. ಅಮೆರಿಕದ ಡೇನಿಯಲ್ ಲೆಹ್ರ್‌ಮನ್ 1953ರಲ್ಲಿ ಕೊನ್ರಾಡ್ ಲೊರೆನ್ಜ್ ಅವರ ಹುಟ್ಟುಗುಣ ಸಿದ್ಧಾಂತವನ್ನು ವಿಮರ್ಶಿಸುವಾಗ ಎತ್ತಿದ ಮುಖ್ಯ ಆಕ್ಷೇಪವೂ ಇದೇ ಬಗೆಯದು. ಮುಂದೆ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಕೊರಳಪಟ್ಟಿಯ ಸಾಕು ಕಪೋತಗಳನ್ನು, ಎಂದರೆ ಬೆಳವನ ಹಕ್ಕಿಗಳನ್ನು, ಈ ದೃಷ್ಟಿಯಿಂದ ಅಭ್ಯಸಿಸಿದರು.

ಕಪೋತದ ಸಂತಾನಚಕ್ರ ಆರೇಳು ವಾರಗಳದು. ಮೊದಲು ಗಂಡು ತಲೆ ಬಾಗಿಸಿ ಬಾಗಿಸಿ ಕೂಗುತ್ತದೆ. ಇದು ವೃಷಣದಿಂದ ಸ್ರವಿಸುವ ಟೆಸ್ಟೋಸ್ಟೆರೋನಿನ ಪ್ರಭಾವ. ಈ ಓಲೈಕೆಯನ್ನು ಕಂಡು ಕೇಳಿದ ಹೆಣ್ಣಿನ ಮೆದುಳು ಪಿಟ್ಯುಟರಿ ಗ್ರಂಥಿಯನ್ನು ಚೋದಿಸುತ್ತದೆ. ಆಗ ಅಂಡಾಶಯ ಬೆಳೆದು ಈಸ್ಟ್ರೋಜನ್ ಹೆಚ್ಚುತ್ತದೆ. ಜೋಡಿಯು ಸುಮಾರು ಒಂದು ವಾರ ಗೂಡು ಕಟ್ಟುವುದರಲ್ಲಿ ತೊಡಗುತ್ತದೆ. ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣಿನಲ್ಲಿ ಪ್ರೊಜೆಸ್ಟೆರೋನ್ ಏರುತ್ತದೆ. ಇಡುವುದು ಎರಡೇ ಮೊಟ್ಟೆ. ಗಂಡು ಹೆಣ್ಣುಗಳೆರಡೂ ಸರದಿಯಂತೆ ಸುಮಾರು 14 ದಿನ ಕಾವು ಕೊಡುತ್ತವೆ. ಕಾವಿಗೆ ಕುಳಿತಿರುವುದೇ ಪ್ರೊಲ್ಯಾಕ್ಟಿನ್ ಸ್ರಾವಕ್ಕೆ ಪ್ರೇರಣೆಯಾಗುತ್ತದೆ. ಅದರಿಂದ ಇಬ್ಬರ ಅನ್ನಚೀಲದ ಒಳಗೋಡೆಯೂ ದಪ್ಪಗಾಗಿ, ಮರಿಗಳು ಹೊರಬರುವ ವೇಳೆಗೆ ಅವುಗಳ ಮೊದಲ ಆಹಾರವಾದ 'ಕಪೋತಕ್ಷೀರ' ಸಿದ್ಧವಾಗಿರುತ್ತದೆ.

ಇಲ್ಲಿ ಹಾರ್ಮೋನು ವರ್ತನೆಯನ್ನು ಪ್ರೇರಿಸಿದಂತೆ ವರ್ತನೆಯೂ ಹಾರ್ಮೋನನ್ನು ಪ್ರೇರಿಸುತ್ತದೆ ಎಂಬುದು ಗಮನಾರ್ಹ. 1964ರಲ್ಲಿ ಎರಿಕ್ಸನ್ ಮತ್ತು ಲೆಹ್ರ್‌ಮನ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತಮ ನಿದರ್ಶನ. ಗಾಜಿನ ತಡಿಕೆಯ ಆಚೆಗಿದ್ದ ಗಂಡನ್ನು ಕಂಡು ಹೆಣ್ಣಿನ ಜನನಾಂಗಗಳು ಬೆಳೆದವು. ಆದರೆ ವೃಷಣ ತೆಗೆದ, ಓಲೈಸದ ಗಂಡನ್ನು ಇರಿಸಿದಾಗ ಆ ಪ್ರಮಾಣದ ಬೆಳವಣಿಗೆ ಕಾಣಲಿಲ್ಲ. ಗಂಡಿನ ಇರವಿಗಿಂತ ಅದರ ನಡೆಯೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಅದೇ ವಿಶ್ವವಿದ್ಯಾಲಯದ ಮೇಯ್-ಫಾಂಗ್ ಚೆಂಗ್ 1986ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಗಂಡಿನ ಓಲೈಕೆಗೆ ಓಗೊಟ್ಟು ಹೆಣ್ಣೂ ಗೂಡಿನಲ್ಲಿ ಕೂಗುತ್ತದೆ. ಹಾಗೆ ಕೂಗಲಾರದಂತೆ ಮಾಡಿದ ಹೆಣ್ಣುಗಳಲ್ಲಿ, ಗಂಡು ಎದುರಿಗಿದ್ದರೂ, ಅಂಡಕೋಶಗಳು ಸರಿಯಾಗಿ ಬೆಳೆಯಲಿಲ್ಲ. ಹೆಣ್ಣಿನ ಕೂಗಿನ ಧ್ವನಿಮುದ್ರಿಕೆಯನ್ನು ಕೇಳಿಸಿದಾಗ ಬೆಳವಣಿಗೆ ಮರಳಿತು. ಹೆಣ್ಣು ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ತಾಯ್ತನಕ್ಕೆ ಅಣಿಯಾಗುತ್ತದೆ.

ಹೀಗೆ ಹುಟ್ಟುಗುಣವೆಂದು ನಾವು ಕರೆದದ್ದು ದೇಹ, ಸಂಗಾತಿ, ಗೂಡು, ಮೊಟ್ಟೆ ಇವುಗಳ ನಡುವೆ ಹಂತಹಂತವಾಗಿ ರೂಪುಗೊಳ್ಳುವ ವ್ಯವಹಾರ. ಭಾಷೆಯ ವಿದ್ಯಾರ್ಥಿಗಳಾದ ನಮಗೂ ಇದು ವಿಚಾರಾರ್ಹ: ದನಿಯು ಕೇಳುವವರನ್ನು ಮಾತ್ರವಲ್ಲ, ನುಡಿಯುವವರನ್ನೂ ಮಾರ್ಪಡಿಸಬಲ್ಲದು.