ಮಗುವಿನ ಹೆಸರು ಯಾವ ಕಾರ್ಡಿನಲ್ಲಿದೆ?



ಮದುವೆಯಾದರೆ ಮನೆ ಬದಲಾಗುತ್ತದೆ. ಊರು ಬದಲಾಗುತ್ತದೆ. ಹೊಸಪೇಟೆಯ ಮಗಳು ಕಂಪ್ಲಿಗೆ ಹೋಗುತ್ತಾಳೆ. ಹಂಪಿ ಕಡೆಯ ಮಗಳು ಸಂಡೂರಿಗೆ ಹೋಗುತ್ತಾಳೆ.

ಕೆಲವರಿಗೆ ಇದು ಎರಡನೇ ಮದುವೆ. ಮೊದಲ ಗಂಡ ತೀರಿಕೊಂಡಿರುತ್ತಾನೆ. ಇಲ್ಲವೇ ಬಿಟ್ಟು ಹೋಗಿರುತ್ತಾನೆ. ಮೊದಲ ಮದುವೆಯ ಮಗು ಜೊತೆಗಿರುತ್ತದೆ. ತಾಯಿಯ ಮನೆ ಬದಲಾಯಿತು. ಮಗುವಿಗೆ ಸರ್ಕಾರದಿಂದ ಸಿಗುವ ಉಚಿತ ಚಿಕಿತ್ಸೆ ಏನಾಗುತ್ತದೆ? ಬನ್ನಿ, ತಿಳಿಯೋಣ.

ಯೋಜನೆ ಏನು?

ನಮ್ಮ ರಾಜ್ಯದಲ್ಲಿ 2018ರಲ್ಲಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆ ಶುರುವಾಯಿತು. ಇದರಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಈ ಹಣ ಇಡೀ ಕುಟುಂಬಕ್ಕೆ ಸೇರಿದ್ದು. ಮನೆಯಲ್ಲಿ ಇಷ್ಟೇ ಜನ ಇರಬೇಕು ಎಂಬ ಮಿತಿ ಇಲ್ಲ.

ಕುಟುಂಬ ಅಂದರೆ ಯಾರು? ರೇಷನ್ ಕಾರ್ಡಿನಲ್ಲಿ ಹೆಸರು ಇರುವವರು. ಈ ಮಾತನ್ನು ಚೆನ್ನಾಗಿ ನೆನಪಿಡಿ.

ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಗೊತ್ತು ಮಾಡಿದ ದರದಲ್ಲಿ ನೂರಕ್ಕೆ 30 ರೂಪಾಯಿ ಮಾತ್ರ ಸರ್ಕಾರ ಕೊಡುತ್ತದೆ. ಅರ್ಹ ಕಾರ್ಡು ತೋರಿಸಲು ಆಗದವರಿಗೂ ಅಷ್ಟೇ. ಒಂದು ಆಪರೇಷನ್ನಿನ ದರ 40,000 ರೂಪಾಯಿ ಅಂದುಕೊಳ್ಳಿ. ಸರ್ಕಾರದ್ದು 12,000. ಮನೆಯವರದು 28,000. ಕೂಲಿ ಮಾಡುವವರು ಇಷ್ಟು ಹಣ ಎಲ್ಲಿಂದ ತರಬೇಕು?

ಅಕ್ಕ ತಂಗಿಯ ಮಾತು

ತಂಗಿ: ಅಕ್ಕಾ, ಕಂಪ್ಲಿ ಕಾರ್ಡಿನಾಗ ನಂದೂ ನನ್ನ ಮಗಂದೂ ಹೆಸರು ತೆಗೆಸಿದ್ರು. ಸಂಡೂರಿನ ಕಾರ್ಡಿಗೆ ನನ್ನ ಹೆಸರು ಸೇರಿಸಿದ್ರು.

ಅಕ್ಕ: ಮಗನ ಹೆಸರು?

ತಂಗಿ: ಇನ್ನೂ ಸೇರಿಸಿಲ್ಲ.

ಅಕ್ಕ: ಹಂಗಾದ್ರೆ ಅವನು ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ನಡುವೆ ಉಳಿದ.

ತಂಗಿ: ‘ಅದು ನಮ್ಮ ಮನೆ ಕೂಸಲ್ಲ’ ಅಂತಾರಕ್ಕ.

ಅಕ್ಕ: ನಿನ್ನ ಹೊಟ್ಟೆಯಾಗ ಹುಟ್ಟಿದ್ದು. ಅದೇ ಮನೆಯಾಗ ಉಣ್ತೈತಿ, ಮಲಗ್ತೈತಿ. ಜನನ ಪತ್ರದಾಗ ತಾಯಿ ಅಂತ ನಿನ್ನ ಹೆಸರು ಐತಲ್ಲ? ಅದನ್ನ ತಗೊಂಡು ಹೋಗು.

ತಂಗಿ: ಅವನನ್ನ ಸೇರಿಸಿದ್ರೆ ನಮಗ ಸಿಗೋದು ಕಡಿಮೆ ಆಗ್ತೈತಿ ಅಂತಾರ.

ಅಕ್ಕ: 5 ಲಕ್ಷವನ್ನ ತಲೆಗಿಷ್ಟು ಅಂತ ಹಂಚಿ ಇಡಲ್ಲ. ಯಾರಿಗೆ ರೋಗ ಬರ್ತೈತೋ ಅವರಿಗೆ ಖರ್ಚು. ಕೂಸಿಗೆ ರೋಗ ಬಂದಾಗ ಸಾಲ ಮಾಡೋದಕ್ಕಿಂತ ಈಗ ಹೆಸರು ಬರೆಸೋದು ಮೇಲು.

ಬೇರೆ ಬೇರೆ ಮನೆಗಳಲ್ಲಿ

ತಂದೆ ಎರಡನೇ ಮದುವೆಯಾದರೂ ಇದೇ ಮಾತು. ಮಗುವಿನ ಹೆಸರು ತಂದೆಯ ಕಾರ್ಡಿನಲ್ಲಿ ಇದೆಯೇ ನೋಡಿ. ಮಗು ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದ್ದರೆ ಹೆಸರು ಅಜ್ಜಿಯ ಕಾರ್ಡಿನಲ್ಲಿ ಇರಲಿ. ಒಂದು ಹೆಸರು ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ಒಂದರಲ್ಲಾದರೂ ಇರಲೇಬೇಕು.

ಕಾರ್ಖಾನೆ ಕೆಲಸದವರಿಗೆ ಇ.ಎಸ್.ಐ. ಇರುತ್ತದೆ. ಅದರ ನಿಯಮ ಬೇರೆ. ಅದು ರೇಷನ್ ಕಾರ್ಡ್ ನೋಡುವುದಿಲ್ಲ. ಮರುಮದುವೆಯಾದ ಹೆಂಗಸು ಹೊಸ ಗಂಡನ ಕುಟುಂಬಕ್ಕೆ ಸೇರುತ್ತಾಳೆ. ಆದರೆ ಮಕ್ಕಳ ವಿಷಯದಲ್ಲಿ ಕಾನೂನು ನೌಕರನ ಕಾನೂನುಬದ್ಧ ಮಗು ಅಥವಾ ದತ್ತು ಮಗು ಎಂದು ಹೇಳುತ್ತದೆ. ಅದಕ್ಕೆ ತಾನೇ ದುಡಿಯುವ ತಾಯಿ ತನ್ನ ಇ.ಎಸ್.ಐ.ನಲ್ಲಿ ಮಗುವಿನ ಹೆಸರು ಬರೆಸಬೇಕು.

ತಂದೆಯ ಹೆಸರು ಇಲ್ಲದಿದ್ದರೆ?

ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿ ಬಿಡುವ ಕೆಟ್ಟ ಪದ್ಧತಿ ಇತ್ತು. ಅದನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು. ದೇವದಾಸಿ ಬಿಟ್ಟಿದ್ದ ಹೆಣ್ಣು ಮದುವೆಯಾಗಬಹುದು, ಆ ಮದುವೆಯ ಮಕ್ಕಳು ಕಾನೂನುಬದ್ಧ ಮಕ್ಕಳು ಎಂದು ಆ ಕಾಯ್ದೆ ಹೇಳಿತು.

ಮದುವೆಯೇ ಆಗದ ತಾಯಿಯ ಮಗುವಿನ ಗತಿ ಏನು? 2015ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮದುವೆಯಾಗದ ತಾಯಿ ಪ್ರಮಾಣ ಪತ್ರ ಕೊಟ್ಟು ಕೇಳಿದರೆ ಮಗುವಿನ ಜನನ ಪತ್ರ ಕೊಡಬೇಕು ಎಂದಿತು. ತಂದೆಯ ಹೆಸರು ಹೇಳು ಎಂದು ಅವಳನ್ನು ಒತ್ತಾಯಿಸುವಂತಿಲ್ಲ.

ಇನ್ನೊಂದು ಮಾತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ, ರೇಷನ್ ಕಾರ್ಡಿಗೆ ಮನೆಯ ಯಜಮಾನಿ ಹೆಣ್ಣೇ. 18 ವರ್ಷ ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಯಜಮಾನಿ. ಗಂಡನಿಲ್ಲದ ಹೆಣ್ಣೂ ಯಜಮಾನಿಯೇ.

ಏನು ಮಾಡಬೇಕು?

1. ಕಾರ್ಡ್ ತೆಗೆಯಿರಿ. ಒಂದೊಂದೇ ಹೆಸರು ನೀವೇ ಓದಿ.

2. ಮದುವೆಯಾಗಿ ಬೇರೆ ಮನೆಗೆ ಬಂದಿದ್ದರೆ, ನಿಮ್ಮ ಹೆಸರು ಸೇರಿಸುವಾಗಲೇ ಮಗುವಿನ ಹೆಸರನ್ನೂ ಸೇರಿಸಿ.

3. ಮಗುವಿನ ಜನನ ಪತ್ರ, ಆಧಾರ್ ಜೋಪಾನವಾಗಿಡಿ.

4. ಹೆಸರು ತೆಗೆಸುವುದಕ್ಕೂ ಸೇರಿಸುವುದಕ್ಕೂ ತಾಲೂಕಿನ ಆಹಾರ ಇಲಾಖೆ ಕಚೇರಿಯಲ್ಲಿ ಕೇಳಿ. ಅರ್ಜಿ ಕೊಟ್ಟ ರಸೀದಿ ಬಿಡಬೇಡಿ.

5. ಕಾಯಿಲೆ ಬಂದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಜೀವಕ್ಕೆ ಅಪಾಯವಿದ್ದರೆ ಚೀಟಿಗೆ ಕಾಯಬೇಡಿ. ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಿ.

2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಜಿಲ್ಲೆ ಬೇರೆಯಾದರೂ ಹಕ್ಕು ಒಂದೇ. ಸಂದೇಹ ಬಂದರೆ 14555ಕ್ಕೆ ಫೋನ್ ಮಾಡಿ. ದುಡ್ಡು ಖರ್ಚಾಗುವುದಿಲ್ಲ.

ಉತ್ತರ ಹೇಳಿ

1. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಎಷ್ಟು ರೂಪಾಯಿವರೆಗೆ ಚಿಕಿತ್ಸೆ ಉಚಿತ?

2. ತಂಗಿಯ ಮಗ ಯಾಕೆ ‘ನಡುವೆ ಉಳಿದ’?

3. ನಿಮ್ಮ ಓಣಿಯಲ್ಲಿ ಕಾರ್ಡಿಗೆ ಹೆಸರು ಸೇರದ ಮಕ್ಕಳು ಇದ್ದಾರೆಯೇ? ಅವರ ತಾಯಿಗೆ ಈ ಪಾಠ ಓದಿ ಹೇಳಿ.

ಬರೆಯಿರಿ

ನಿಮ್ಮ ಕಾರ್ಡಿನಲ್ಲಿರುವ ಎಲ್ಲರ ಹೆಸರು ಪಾಟಿಯ ಮೇಲೆ ಬರೆಯಿರಿ. ಮನೆಯಲ್ಲಿರುವ ಮಕ್ಕಳನ್ನು ಎಣಿಸಿ. ಲೆಕ್ಕ ಸರಿ ಇದೆಯೇ?