ಆಕಾಶಮಾರ್ಗದ ದೂರವೂ ಗಡಿಯಾರದ ಲೆಕ್ಕವೂ

ನಮ್ಮ ನಾಡಿನ ಅನೇಕ ಮನೆಗಳ ಹೆಣ್ಣುಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಸಮುದ್ರಗಳಾಚೆ ಹೋಗಿರುವರು. ಅವರು ವಿಮಾನವೇರಿ ಬರುವರೆಂಬ ಸುದ್ದಿ ಬಂದೊಡನೆ ತಾಯಿತಂದೆಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು: ಎಷ್ಟು ದೂರ? ಎಷ್ಟು ಹೊತ್ತು? ಉತ್ತರವನ್ನು ಇತರರಿಂದ ಕೇಳಿ ತಿಳಿಯುವುದಕ್ಕಿಂತ ನಾವೇ ಲೆಕ್ಕಮಾಡಿ ಕಾಣುವುದು ಲೇಸು. ಇದಕ್ಕೆ ಬೇಕಾದುದು ಭೂಮಿಯ ಒಂದು ಗೋಳ, ಒಂದು ದಾರ, ಕೂಡಿ ಕಳೆಯುವ ವಿದ್ಯೆ.

ನಿದರ್ಶನಕ್ಕಾಗಿ ಒಂದು ಪ್ರಯಾಣವನ್ನು ತೆಗೆದುಕೊಳ್ಳೋಣ. 2021ನೆಯ ಇಸವಿ ಜನವರಿ 9ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾ ವಿಮಾನವು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು.

ಮೊದಲು ದೂರ. ಗೋಡೆಯ ಭೂಪಟದಲ್ಲಿ ಅಳತೆಗೋಲಿಟ್ಟು ಗೆರೆಯೆಳೆದರೆ ನಾವು ಮೋಸಹೋಗುವೆವು. ಉರುಟಾದ ಭೂಮಿಯನ್ನು ಚಪ್ಪಟೆಯ ಹಾಳೆಯ ಮೇಲೆ ಹರಡಿದಾಗ ಅಳತೆಗಳು ಕೆಡುವುವು. ಆದುದರಿಂದ ಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರವು ಸಾಗರದ ನಟ್ಟನಡುವೆ ಹೋಗದೆ, ಉತ್ತರಕ್ಕೆ ಬಾಗಿ, ಅಲಾಸ್ಕಾ ಮತ್ತು ಸೈಬೀರಿಯಗಳ ಮೇಲೆ ಹಾಯುವುದು. ಇದೇ ಅತ್ಯಂತ ಸಮೀಪದ ದಾರಿ. ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ನಿಮ್ಮ ಗೋಳದ ಮೇಲೆ ಆ ರೇಖೆ 100 ಸೆಂಟಿಮೀಟರು ಇದ್ದರೆ, ಒಂದು ಸೆಂಟಿಮೀಟರಿಗೆ 400 ಕಿಲೋಮೀಟರು. ದಾರವು 35 ಸೆಂಟಿಮೀಟರು ಇರುವುದು. ದೂರ 14,000 ಕಿಲೋಮೀಟರು. ಅಕ್ಷಾಂಶ ರೇಖಾಂಶಗಳಿಂದ ಗಣಿಸಿದ ದೂರ 13,993. ದಾರದ ಲೆಕ್ಕವೇನೂ ಹೀನವಲ್ಲ!

ಇನ್ನು ಕಾಲ. ವಿಮಾನವು 9ರ ರಾತ್ರಿ 8-30ಕ್ಕೆ ಹೊರಟು 11ರ ಮುಂಜಾನೆ 3-45ಕ್ಕೆ ತಲುಪುವುದೆಂದು ನಿಗದಿಯಾಗಿದ್ದಿತು. ಬರಿದೆ ಗಡಿಯಾರಗಳನ್ನು ನೋಡಿದ ತಾಯಿಯು 31 ಗಂಟೆ 15 ನಿಮಿಷವೆಂದು ಎಣಿಸಿ, ಮಗಳು ಅಷ್ಟು ಹೊತ್ತು ಆಕಾಶದಲ್ಲಿರುವಳೆಂದು ಕಳವಳಗೊಂಡಾಳು. ಆದರೆ ನಮ್ಮ ಗಡಿಯಾರ ಪೂರ್ವ 82½ ಅಂಶದ ರೇಖಾಂಶಕ್ಕೂ ಅವರದು ಪಶ್ಚಿಮ 120 ಅಂಶದ ರೇಖಾಂಶಕ್ಕೂ ಹೊಂದಿವೆ. ನಡುವಣ ಅಂತರ 202½ ಅಂಶ. ಭೂಮಿಯು ಗಂಟೆಗೆ 15 ಅಂಶದಂತೆ ತಿರುಗುವುದರಿಂದ ವ್ಯತ್ಯಾಸ 13½ ಗಂಟೆ. ಇದನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. (ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ 12½ನ್ನೇ ಕಳೆಯಬೇಕು.)

ಗಂಟೆಗೆ 900 ಕಿಲೋಮೀಟರಿನಂತೆ ಹಾರಿದರೆ 14,000ಕ್ಕೆ 15½ ಗಂಟೆಯಷ್ಟೇ ಸಾಕಲ್ಲವೆ ಎಂದು ಜಾಣೆಯೊಬ್ಬಳು ಕೇಳಿಯಾಳು. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಗಾಳಿಯು ಕೆಲವೆಡೆ ತಳ್ಳುವುದು, ಕೆಲವೆಡೆ ತಡೆಯುವುದು. ದಾರಿಯೂ ದಾರದಂತೆಯೇ ಇರಬೇಕೆಂದಿಲ್ಲ. ಅಂದಿನ ವಿಮಾನವು ಇನ್ನೂ ಉತ್ತರಕ್ಕೆ ಸರಿದು ಧ್ರುವದ ಮೇಲಿನಿಂದಲೇ ಬಂದಿತು.

ಅದನ್ನು ನಡೆಸಿದವರೆಲ್ಲರೂ ಸ್ತ್ರೀಯರು. ಮುಖ್ಯ ಚಾಲಕಿ ಜೋಯಾ ಅಗರ್ವಾಲ್. ಹೆಣ್ಣುಮಕ್ಕಳಿಗೆ ಗಣಿತವು ಭಾರವೆಂದು ಹೇಳಿ ಆ ಪಾಠವನ್ನು ಬಿಡಿಸಲು ಬಯಸುವ ಪೋಷಕರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ವಿಮಾನ ನಡೆಸುವವಳಿಗೂ ಮನೆಯಲ್ಲಿ ಕಾದಿರುವವಳಿಗೂ ಬೇಕಾದುದು ಒಂದೇ ಲೆಕ್ಕ. ಈ ರಜೆಯಲ್ಲಿ ನಿಮ್ಮ ಮಗಳ ಕೈಗೆ ಗೋಳವನ್ನೂ ದಾರವನ್ನೂ ಕೊಟ್ಟು, ನಿಮ್ಮ ಬಂಧುಗಳಿರುವ ಊರಿನ ದೂರವನ್ನು ಅವಳಿಂದಲೇ ಕೇಳಿ ತಿಳಿಯಿರಿ.