ಸಮಮಿತೀಯ ಬಹುಪದೋಕ್ತಿಗಳು: ಸೂತ್ರ ಹಲವು, ಪ್ರಮೇಯ ಒಂದು

ಚರಾಕ್ಷರಗಳನ್ನು ಹೇಗೆ ಅದಲುಬದಲು ಮಾಡಿದರೂ ಬದಲಾಗದ ಬಹುಪದೋಕ್ತಿಯೇ ಸಮಮಿತೀಯ ಬಹುಪದೋಕ್ತಿ. ಇದರ ಸೂತ್ರಗಳನ್ನು ಬಿಡಿಬಿಡಿಯಾಗಿ ಉರುಹೊಡೆಯುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ. ಎಲ್ಲಕ್ಕೂ ಆಧಾರ ಒಂದೇ ಪ್ರಮೇಯ: ಇಂಥ ಯಾವುದೇ ಬಹುಪದೋಕ್ತಿಯನ್ನು ಪ್ರಾಥಮಿಕ ಸಮಮಿತೀಯ ಬಹುಪದೋಕ್ತಿಗಳಿಂದ ಒಂದೇ ರೀತಿಯಲ್ಲಿ ಕಟ್ಟಬಹುದು. ಕ³ − 2ಕ² + 3ಕ − 4 = 0 ಸಮೀಕರಣವನ್ನೇ ನೋಡಿ. ಮೂಲಗಳ ಮೊತ್ತ 2. ಎರಡೆರಡರ ಗುಣಲಬ್ಧಗಳ ಮೊತ್ತ 3. ಮೂರರ ಗುಣಲಬ್ಧ 4. ಈ ಮೂರೇ ಇಲ್ಲಿನ ಪ್ರಾಥಮಿಕ ಸಮಮಿತೀಯ ಬಹುಪದೋಕ್ತಿಗಳ ಬೆಲೆಗಳು. ಹಾಗಾಗಿ ಮೂಲಗಳ ವರ್ಗಗಳ ಮೊತ್ತ 2² − 2×3 = −2. ವಾಸ್ತವ ಸಂಖ್ಯೆಗಳ ವರ್ಗಗಳ ಮೊತ್ತ ಋಣವಾಗದು. ಆದ್ದರಿಂದ ಎಲ್ಲ ಮೂಲಗಳೂ ವಾಸ್ತವವಲ್ಲ. ಒಂದು ಮೂಲವನ್ನೂ ಬಿಡಿಸದೆ ಇಷ್ಟು ತಿಳಿಯಿತು!

ಮೂಲಗಳನ್ನೇ ಕಂಡುಹಿಡಿದರಾಯಿತಲ್ಲ ಎಂದು ಕೆಲವರು ಕೇಳಬಹುದು. ಐದನೇ ಘಾತದಿಂದ ಮುಂದೆ ಮೂಲಚಿಹ್ನೆಗಳಲ್ಲಿ ಬರೆಯಬಲ್ಲ ಸಾಮಾನ್ಯ ಸೂತ್ರವೇ ಇಲ್ಲ. ಘಾತಗಳ ಮೊತ್ತವನ್ನು ಕೊಡುವ ನ್ಯೂಟನ್ ನಿತ್ಯಸಮೀಕರಣಗಳು ಅಲ್ಲಿಯೂ ಕೆಲಸ ಮಾಡುತ್ತವೆ. (ನ್ಯೂಟನ್ ಹೆಸರಿದ್ದರೂ, ಆಲ್ಬರ್ಟ್ ಜಿರಾರ್ 1629ರಲ್ಲೇ ಇಂಥ ಸೂತ್ರಗಳನ್ನು ಪ್ರಕಟಿಸಿದ್ದ.) ಇದು ಹಳೆಯ ಬೀಜಗಣಿತ ಮಾತ್ರ ಎಂಬ ವಾದವೂ ನಿಲ್ಲದು. ಇಸ್ಸಾಯ್ ಷೂರ್ 1901ರ ಪ್ರಬಂಧದಲ್ಲಿ ಬಳಸಿದ, ಈಗ ಷೂರ್ ಫಲನಗಳೆನಿಸಿದ ಸಮಮಿತೀಯ ಬಹುಪದೋಕ್ತಿಗಳು ಈ ವಿಷಯವನ್ನು ಸಂಖ್ಯಾವಿಭಜನೆಗೆ ಬೆಸೆದಿವೆ: 4ನೇ ಘಾತದ ಷೂರ್ ಫಲನಗಳು 5, 4ನ್ನು ಧನಪೂರ್ಣಾಂಕಗಳ ಮೊತ್ತವಾಗಿ ಒಡೆಯುವ ವಿಧಗಳೂ 5.